ಸೈಕಲ್ ಎಡೆಕುಂಟೆ: ನಿಮ್ಮ ಎತ್ತರಕ್ಕೆ, ನಿಮ್ಮ ಸಾಲಿಗೆ

ಹತ್ತು ಗುಂಟೆ ಮೇವಿನ ಮೆಕ್ಕೆಜೋಳದಲ್ಲಿ ಒಂದು ಸಲ ಕಳೆ ತೆಗೆಯುವುದೆಂದರೆ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಕುಕ್ಕರಗಾಲಿನಲ್ಲಿ ಸಾಗಿದಂತೆ. ಲೆಕ್ಕ ಸುಲಭ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಸಾಲಿನಿಂದ ಸಾಲಿಗೆ ಒಂದು ಅಡಿ ಇಟ್ಟರೆ ಒಂದು ಗುಂಟೆಯೊಳಗಿನ ಸಾಲುಗಳ ಒಟ್ಟು ಉದ್ದ 1,089 ಅಡಿ, ಅಂದರೆ ಸುಮಾರು 330 ಮೀಟರ್. ಹತ್ತು ಗುಂಟೆಗೆ 3,300 ಮೀಟರ್. ಬೆಳಗ್ಗೆ ಹಾಲು ಕರೆದು, ಸಂಘಕ್ಕೆ ಹಾಕಿ ಬಂದು, ಸಗಣಿ ಬಾಚಿ, ಅಡುಗೆ ಮುಗಿಸಿದ ಮೇಲೆ ಈ ದೂರ ಸಾಗಬೇಕು. ಒಂದೇ ದಿನಕ್ಕೆ ಮುಗಿಯುವುದಿಲ್ಲ, ನಾಲ್ಕೈದು ದಿನಕ್ಕೆ ಎಳೆಯುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲಿನಲ್ಲಿ ಮತ್ತೆ ಹಸಿರು ಕಾಣುತ್ತದೆ.

ಮೆಕ್ಕೆಜೋಳ, ಜೋಳದಂಥ ಮೇವಿನ ಬೆಳೆಗೆ ಬಿತ್ತಿದ ಮೊದಲ 30–35 ದಿನ ಕಳೆಯ ಕಾಟ ಜಾಸ್ತಿ. ಆ ದಿನಗಳಲ್ಲಿ ಕಳೆ ಗೊಬ್ಬರ ತಿಂದರೆ ಆಮೇಲೆ ಎಷ್ಟು ಯೂರಿಯಾ ಕೊಟ್ಟರೂ ದಂಟು ದಪ್ಪವಾಗುವುದಿಲ್ಲ. ಕಡಿಮೆ ಬಿದ್ದ ಹಸಿರು ಮೇವಿಗೆ ಬದಲಾಗಿ ಚೀಲ ಬಿಚ್ಚಿ ಪಶು ಆಹಾರ ಸುರಿಯಬೇಕಾಗುತ್ತದೆ, ಹಾಲಿನ ಬಟವಾಡೆಯ ದಿನ ಅದರ ಲೆಕ್ಕ ಕಾಣುತ್ತದೆ. ಪಾರ್ಥೇನಿಯಂ ಮೇವಿನ ಹೊರೆಯಲ್ಲಿ ಸೇರಿಕೊಂಡರೆ ಇನ್ನೊಂದು ತೊಂದರೆ: ಅದನ್ನು ತಿಂದ ಹಸುವಿನ ಹಾಲಿಗೆ ಕಹಿ ಬರುತ್ತದೆ, ಕಿತ್ತವರ ಕೈಗೆ ತುರಿಕೆ ಹತ್ತುತ್ತದೆ.

ಕಳೆನಾಶಕ ಹೊಡೆದರೆ ಆಯಿತಲ್ಲ ಎನ್ನುವವರಿದ್ದಾರೆ. ಮೆಕ್ಕೆಜೋಳದ ಜೊತೆ ಅಲಸಂದೆ ಬಿತ್ತಿದವರಿಗೆ ಆ ದಾರಿ ಇಲ್ಲ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಾಜಿನ್ ಅಲಸಂದೆಯನ್ನೂ ಸುಡುತ್ತದೆ. ಅಲಸಂದೆ ಮೇವಿಗೆ ಸಸಾರಜನಕ ಸೇರಿಸುವ ಬೆಳೆ, ಅದನ್ನು ಬಿಡುವುದು ನಷ್ಟ.

ಹಿಂದೆ ಈ ಕೆಲಸ ಎತ್ತಿನ ಎಡೆಕುಂಟೆಯದು. ಈಗ ಎಷ್ಟೋ ಕೊಟ್ಟಿಗೆಗಳಲ್ಲಿ ಮಿಶ್ರತಳಿ ಹಸುಗಳಿವೆ, ಎತ್ತುಗಳಿಲ್ಲ. ಹತ್ತು ಗುಂಟೆಗೆಂದು ಬಾಡಿಗೆ ಎತ್ತು ಬರುವುದೂ ಕಷ್ಟ. ಹಾಗಾಗಿ ಕೈಯಿಂದ ತಳ್ಳುವ ಸೈಕಲ್ ಎಡೆಕುಂಟೆ ನಮ್ಮ ಅಳತೆಗೆ ಸರಿಯಾದ ಸಾಧನ. ಮುಂದೆ ಒಂದು ಚಕ್ರ, ಅದರ ಹಿಂದೆ ಚೌಕಟ್ಟು, ಕೆಳಗೆ ಅಲಗು, ಹಿಂದಕ್ಕೆ ಉದ್ದನೆಯ ಹಿಡಿ, ಇಷ್ಟೇ. ನಿಂತುಕೊಂಡೇ ಕೆಲಸ. ಆದರೂ ತಂದ ವರ್ಷವೇ ಅದು ಅಟ್ಟ ಸೇರುವುದುಂಟು. "ಭಾರ, ನಮ್ಮ ಕೈಲಿ ಆಗಲ್ಲ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಿಮ್ಮ ತೋಳಿನಲ್ಲಿ ಬಲ ಕಡಿಮೆ ಎಂದು ಇದರ ಅರ್ಥವಲ್ಲ. ಆ ಸಾಧನ ಬೇರೆ ಎತ್ತರದವರಿಗೆ, ಬೇರೆ ಸಾಲಿಗೆ ಮಾಡಿದ್ದು. ಅದನ್ನು ನಿಮಗೆ ಹೊಂದಿಸಲು ನಾಲ್ಕಾರು ತೂತು ಮತ್ತು ಎರಡು ಕಬ್ಬಿಣದ ಪಟ್ಟಿ ಸಾಕು.

ಹಿಡಿಯ ಎತ್ತರ ಮತ್ತು ಅಲಗಿನ ಓರೆ

ಇವೆರಡನ್ನು ಒಟ್ಟಿಗೇ ಹೇಳಬೇಕು, ಯಾಕೆಂದರೆ ತೊಡಕು ಇರುವುದೇ ಇವೆರಡರ ನಂಟಿನಲ್ಲಿ.

ನಮ್ಮ ಹಳ್ಳಿಯ ಹೆಂಗಸರ ಎತ್ತರ ಸಾಮಾನ್ಯವಾಗಿ ಐದು ಅಡಿಯ ಆಸುಪಾಸು, ಗಂಡಸರದು ಅದಕ್ಕಿಂತ ನಾಲ್ಕೈದು ಅಂಗುಲ ಹೆಚ್ಚು. ಮೊಣಕೈ ಮಟ್ಟದಲ್ಲಿ ಆ ವ್ಯತ್ಯಾಸ ಎರಡೂವರೆಯಿಂದ ಮೂರು ಅಂಗುಲ ಆಗುತ್ತದೆ. ತಳ್ಳುವ ಸಾಧನದ ಹಿಡಿ ಮೊಣಕೈ ಮಟ್ಟದಲ್ಲಿ ಅಥವಾ ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಇದ್ದರೆ ಮೈಭಾರವನ್ನೇ ಮುಂದಕ್ಕೆ ಹಾಕಿ ತಳ್ಳಬಹುದು. ಅದಕ್ಕಿಂತ ಮೇಲಿದ್ದರೆ ಬರೀ ತೋಳು, ಭುಜ ದುಡಿಯಬೇಕು.

ಎತ್ತರದ ಹಿಡಿಯನ್ನು ಕೆಳಕ್ಕೆ ಒತ್ತಿ ಹಿಡಿದರೆ ಆಗದೇ? ಇಲ್ಲೇ ಮೋಸ ಇರುವುದು. ಹಿಡಿ, ಚೌಕಟ್ಟು, ಅಲಗು ಮೂರನ್ನೂ ಒಂದೇ ಬಿಗಿಯಾಗಿ ವೆಲ್ಡಿಂಗ್ ಮಾಡಿದ್ದರೆ ಇಡೀ ಸಾಧನ ಚಕ್ರದ ಅಚ್ಚಿನ ಸುತ್ತ ತಿರುಗುತ್ತದೆ. ಹಿಡಿ ಕೆಳಗೆ ಬಂದರೆ ಅಲಗಿನ ಮೂತಿ ಮೇಲೇಳುತ್ತದೆ, ಹಿಂಬದಿ ನೆಲಕ್ಕೆ ಉಜ್ಜುತ್ತದೆ. ಸೋರೆಕಾಯಿ ಸಿಪ್ಪೆ ಹೆರೆಯುವುದನ್ನು ನೆನಪಿಸಿಕೊಳ್ಳಿ. ಚಾಕುವನ್ನು ಪೂರ್ತಿ ಮಲಗಿಸಿದರೆ ಮೇಲೆ ಮೇಲೆ ಜಾರುತ್ತದೆ, ನೆಟ್ಟಗೆ ನಿಲ್ಲಿಸಿದರೆ ತಿರುಳಿಗೆ ಕಚ್ಚಿ ನಿಲ್ಲುತ್ತದೆ, ಸ್ವಲ್ಪ ಓರೆ ಮಾಡಿದರೆ ಮಾತ್ರ ಸಿಪ್ಪೆ ಬರುತ್ತದೆ. ಎಡೆಕುಂಟೆಯೂ ಅದೇ ರೀತಿ. ಗಿಡ್ಡ ಇರುವವರು ಎತ್ತರದ ಕುಂಟೆ ಹಿಡಿದಾಗ ಅಲಗು ಮಲಗಿದ ಚಾಕು ಆಗುತ್ತದೆ. ನೂಕಲು ಭಾರ, ಕಳೆ ಮಾತ್ರ ಬಾಗಿ ಮತ್ತೆ ಏಳುತ್ತದೆ. ಉದ್ದ ಇರುವವರು ಗಿಡ್ಡ ಕುಂಟೆಯ ಹಿಡಿ ಎತ್ತಿದರೆ ಅಲಗು ಆಳಕ್ಕೆ ಕಚ್ಚಿ ಗಕ್ಕನೆ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಅತ್ತೆಗೆ ಭಾರವಾದ ಕುಂಟೆ ಸೊಸೆಗೆ ಹಗುರ ಎನಿಸುವುದು ಇದಕ್ಕೇ.

ಆದ್ದರಿಂದ ಮೊದಲ ಸುಧಾರಣೆ, ಹಿಡಿಯನ್ನು ಚೌಕಟ್ಟಿನಿಂದ ಬಿಡಿಸುವುದು. ಹಿಡಿ ಚೌಕಟ್ಟಿಗೆ ಸೇರುವ ಕಡೆ ವೆಲ್ಡಿಂಗ್ ಬದಲು ಒಂದು ಬೋಲ್ಟ್ ಇರಲಿ, ಹಿಡಿ ಅದರ ಮೇಲೆ ಮೇಲೆ ಕೆಳಗೆ ಆಡಲಿ. ಬೇಕಾದ ಎತ್ತರದಲ್ಲಿ ಅದನ್ನು ನಿಲ್ಲಿಸುವುದು ಹೇಗೆ? ಕೆಲವರು ಆ ಬೋಲ್ಟಿನ ಪಕ್ಕದಲ್ಲೇ ಅರ್ಧಚಂದ್ರದ ತಗಡಿಗೆ ತೂತು ಹೊಡೆಸುತ್ತಾರೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ನಾಲ್ಕು ಅಡಿಯ ಹಿಡಿಗೆ ಬುಡದಿಂದ ನಾಲ್ಕು ಅಂಗುಲ ದೂರದಲ್ಲಿ ತೂತುಗಳಿದ್ದರೆ, ಒಂದು ತೂತಿನಿಂದ ಮುಕ್ಕಾಲು ಅಂಗುಲ ಆಚೆಯ ತೂತಿಗೆ ಹೋದಾಗ ಕೈ ಹಿಡಿಯುವ ಕಡೆ ಒಂಬತ್ತು ಅಂಗುಲ ಏರುಪೇರಾಗುತ್ತದೆ. ಒಂದು ತೂತಿಗೆ ಎದೆಮಟ್ಟ, ಇನ್ನೊಂದಕ್ಕೆ ತೊಡೆಮಟ್ಟ! ನಮಗೆ ಬೇಕಾದದ್ದು ಎರಡೆರಡು ಅಂಗುಲದ ಮೆಟ್ಟಿಲು.

ಅದಕ್ಕೆ ಹಿಡಿಯ ನಡುಮಧ್ಯಕ್ಕೆ, ಅಂದರೆ ಬುಡದಿಂದ ಎರಡು ಅಡಿಗೆ, ಚೌಕಟ್ಟಿನಿಂದ ಒಂದು ಕಬ್ಬಿಣದ ಪಟ್ಟಿಯನ್ನು ಊರೆ ಕೊಡಿಸಿ. ಆ ಪಟ್ಟಿಯಲ್ಲಿ ಅಂಗುಲಕ್ಕೊಂದರಂತೆ ಐದು ತೂತು. ನಡುವಿನಲ್ಲಿ ಒಂದು ಅಂಗುಲ ಎದ್ದರೆ ತುದಿಯಲ್ಲಿ ಸುಮಾರು ಎರಡು ಅಂಗುಲ ಏಳುತ್ತದೆ. ಐದು ತೂತಿನಲ್ಲಿ ಎಂಟು ಅಂಗುಲದ ಅಂತರ ಸಿಗುತ್ತದೆ, ಹದಿನೈದರ ಹುಡುಗಿಯಿಂದ ಎತ್ತರದ ಗಂಡಸಿನವರೆಗೆ ಎಲ್ಲರಿಗೂ ಸಾಲುತ್ತದೆ. ಪಟ್ಟಿ ಇದ್ದರೆ ಹಿಡಿ ಅಲುಗುವುದೂ ಇಲ್ಲ.

ಎರಡನೆಯದು, ಅಲಗಿಗೂ ಅದರದೇ ಆದ ಹೊಂದಾಣಿಕೆ. ಅಲಗಿನ ಕಾಲನ್ನು ಚೌಕಟ್ಟಿಗೆ ಎರಡು ಬೋಲ್ಟಿನಿಂದ ಬಿಗಿದು, ಅದರಲ್ಲಿ ಒಂದು ಬೋಲ್ಟಿನ ತೂತನ್ನು ಉದ್ದನೆಯ ಸೀಳು ಮಾಡಿಸಿ. ಆಗ ಓರೆಯನ್ನು ಹೆಚ್ಚು ಕಡಿಮೆ ಮಾಡಬಹುದು.

ಓರೆ ಸರಿಯಿದೆಯೇ ಎಂದು ಮನೆಯಂಗಳದಲ್ಲೇ ನೋಡಬಹುದು. ಸಮತಟ್ಟು ನೆಲದಲ್ಲಿ ಒಂದು ಅಂಗುಲ ದಪ್ಪದ ಹಲಗೆ ಇಟ್ಟು ಅದರ ಮೇಲೆ ಚಕ್ರ ನಿಲ್ಲಿಸಿ. ಅಲಗು ಹಲಗೆಯ ಹಿಂದೆ ನೆಲದ ಮೇಲೆ ಇರಲಿ. ಈಗ ಚಕ್ರಕ್ಕಿಂತ ಅಲಗು ಒಂದು ಅಂಗುಲ ಕೆಳಗಿದೆ, ಹೊಲದಲ್ಲಿ ಇರಬೇಕಾದ ಆಳವೂ ಅದೇ. ನಿಮಗೆ ಹಿತವಾದ ಎತ್ತರದಲ್ಲಿ ಹಿಡಿ ಹಿಡಿದು ನಿಲ್ಲಿ, ಮಗಳನ್ನೋ ಪಕ್ಕದ ಮನೆಯವರನ್ನೋ ಅಲಗು ನೋಡಲು ಹೇಳಿ. ಮೂತಿ ನೆಲ ಮುಟ್ಟಿ, ಹಿಂಬದಿಯ ಅಡಿಯಲ್ಲಿ ಕಿರುಬೆರಳ ತುದಿ ನುಸುಳುವಷ್ಟು ಸಂದು ಇರಬೇಕು. ಎರಡು ಅಂಗುಲ ಅಗಲದ ಪಟ್ಟಿಗೆ ಅರ್ಧ ಅಂಗುಲದೊಳಗೆ. ಸಂದೇ ಇಲ್ಲದಿದ್ದರೆ ಕುಂಟೆ ಜಾರುತ್ತದೆ, ಹೆಬ್ಬೆರಳು ಹೋಗುವಂತಿದ್ದರೆ ಕಚ್ಚುತ್ತದೆ.

ಅಲಗಿನ ಅಗಲ

ಒಂದು ಅಡಿಯ ಸಾಲಿನಲ್ಲಿ ಪೈರಿನಿಂದ ಎರಡೂ ಕಡೆ ಎರಡೂವರೆ ಅಂಗುಲ ಬಿಡಬೇಕು. ಉಳಿಯುವುದು ಏಳು ಅಂಗುಲ. ಬಿತ್ತಿ 15–20 ದಿನಕ್ಕೆ ಮೊದಲ ಸಲ ಆಡಿಸುವಾಗ ಇದು ಸರಿ. ಎರಡನೆಯ ಸಲಕ್ಕೆ, 30–35 ದಿನದ ಹೊತ್ತಿಗೆ, ಬೇರು ಸಾಲಿನ ಮಧ್ಯಕ್ಕೆ ಹರಡಿರುತ್ತದೆ, ಆಗ ಐದು ಅಂಗುಲಕ್ಕೆ ಇಳಿಸಬೇಕು. ಒಂದೇ ಅಳತೆಯ ಅಲಗಿದ್ದರೆ ಮೊದಲ ಸಲ ಕಳೆ ಉಳಿಯುತ್ತದೆ ಅಥವಾ ಎರಡನೆಯ ಸಲ ಬೇರು ಹರಿಯುತ್ತದೆ.

ಎತ್ತಿನ ಕಾಲದಲ್ಲಿ ಇದಕ್ಕಾಗಿ ಮನೆಯಲ್ಲಿ ಎರಡು ಮೂರು ಅಳತೆಯ ಎಡೆಕುಂಟೆ ಇಟ್ಟುಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಪ್ಲಾನೆಟ್ ಜೂನಿಯರ್ ಎಂಬ ಹೆಸರಿನ ಕುದುರೆ ಕುಂಟೆಗಳಿಗೆ ಒಂದು ಸನ್ನೆ ಇತ್ತು, ಅದನ್ನು ಎಳೆದರೆ ಎರಡು ಪಕ್ಕದ ತೋಳುಗಳು ಅಗಲವಾಗುತ್ತಿದ್ದವು. ನಮ್ಮ ಹಗುರ ಕುಂಟೆಗೆ ಅಷ್ಟೆಲ್ಲ ಬೇಡ, ಸನ್ನೆ ಹಾಕಿದರೆ ತೂಕ ಏರುತ್ತದೆ. ಒಂದು ಅಲಗಿನ ಬದಲು ಎಡಕ್ಕೊಂದು ಬಲಕ್ಕೊಂದು ಚಿಕ್ಕ ಅಲಗು ಮಾಡಿಸಿ, ಎರಡೂ ಅಡ್ಡಪಟ್ಟಿಯ ಮೇಲೆ ಸರಿಯುವಂತಿರಲಿ. ಒಂದನ್ನು ಇನ್ನೊಂದಕ್ಕಿಂತ ಎರಡು ಅಂಗುಲ ಹಿಂದೆ ಕೂರಿಸಬೇಕು. ಆಗ ಹತ್ತಿರ ಸರಿಸಿದರೆ ಒಂದರ ಹಿಂದೆ ಇನ್ನೊಂದು ಹೋಗುತ್ತದೆ, ದೂರ ಸರಿಸಿದರೂ ನಡುವೆ ಕತ್ತರಿಸದ ಪಟ್ಟೆ ಉಳಿಯುವುದಿಲ್ಲ. ಐದರಿಂದ ಎಂಟು ಅಂಗುಲದವರೆಗೆ ಹೊಂದಾಣಿಕೆ ಸಾಕು.

ಅಗಲ ಹೆಚ್ಚಾದಷ್ಟೂ ಬೇಗ ಮುಗಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆರು ಅಂಗುಲದಿಂದ ಒಂಬತ್ತಕ್ಕೆ ಹೋದರೆ ತಳ್ಳುವ ಬಲವೂ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ನೇಪಿಯರ್ ಹುಲ್ಲಿಗೆ ಮೂರು ಅಡಿ ಸಾಲು ಬಿಟ್ಟವರು ಅಗಲದ ಅಲಗು ಹುಡುಕುವ ಬದಲು ಎಂಟು ಅಂಗುಲದ್ದನ್ನೇ ಮೂರು ಸಲ ಆಡಿಸುವುದು ಮೇಲು. ನೇಪಿಯರ್ ಕೊಯ್ದ ಮೇಲೆ ಸಾಲಿನ ಮಧ್ಯ ಮಣ್ಣು ತುಳಿದು ಗಟ್ಟಿಯಾಗಿರುತ್ತದೆ. ಅಲ್ಲಿಗೆ ಅಲಗು ಬಿಚ್ಚಿ ಮೂರು ಹಲ್ಲಿನ ಕೊಕ್ಕೆ ಹಾಕಿ ಕೆದಕಿ, ಗೊಬ್ಬರ ಕೊಟ್ಟು, ನೀರು ಬಿಡಿ.

ಆಳ ಒಂದು ಅಂಗುಲ ಸಾಕು. ಎಳೆಯ ಕಳೆಯ ಬುಡ ಅಷ್ಟರಲ್ಲೇ ತುಂಡಾಗುತ್ತದೆ. ಆಳ ಹೋದಷ್ಟೂ ನಿಮಗೆ ಭಾರ, ಬೆಳೆಗೆ ನೋವು, ಅಡಗಿದ್ದ ಕಳೆಬೀಜ ಮೇಲೆ ಬಂದು ಮತ್ತೆ ಮೊಳೆಯುತ್ತದೆ. ಗೇಣುದ್ದ ಬೆಳೆದ ಕಳೆಗೆ ಈ ಕುಂಟೆ ಅಲ್ಲ, ಎರಡೆಲೆ ನಾಲ್ಕೆಲೆ ಇರುವಾಗಲೇ ಆಡಿಸಬೇಕು. ಮಣ್ಣು ಹದ ನೋಡಿ. ಕೈಯಲ್ಲಿ ಉಂಡೆ ಕಟ್ಟಿ ಬಿಟ್ಟರೆ ಒಡೆಯಬೇಕು, ಅಂಟಬಾರದು.

ಬಿತ್ತುವ ದಿನವೇ ಕುಂಟೆ ನೆನಪಿರಲಿ

ಎರಚಿ ಬಿತ್ತಿದ ಮೇವಿಗೆ ಯಾವ ಕುಂಟೆಯೂ ಬಾರದು. ಕೂರಿಗೆ ಇಲ್ಲದಿದ್ದರೆ ಒಂದು ಮರದ ತುಂಡಿಗೆ ಅಡಿಗೊಂದರಂತೆ ನಾಲ್ಕು ಗೂಟ ಹೊಡೆದು ನೆಲದ ಮೇಲೆ ಎಳೆಯಿರಿ, ನಾಲ್ಕು ಗೆರೆ ಒಟ್ಟಿಗೆ ಬೀಳುತ್ತವೆ. ಮುಂದಿನ ಎಳೆತಕ್ಕೆ ಕೊನೆಯ ಗೆರೆಯಲ್ಲಿ ಮೊದಲ ಗೂಟ ಇಟ್ಟರೆ ಅಂತರ ತಪ್ಪುವುದಿಲ್ಲ. ಜೊತೆಗೆ ಅಲಸಂದೆ ಹಾಕುವವರು ಅದಕ್ಕೂ ಬೇರೆ ಸಾಲು ಕೊಡಿ.

ಕೊಳ್ಳುವಾಗ, ಮಾಡಿಸುವಾಗ

ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಎರಡು ಚಕ್ರದ ಎಡೆಕುಂಟೆ ರೂಪಿಸಿದೆ. ಅದು ಪಕ್ಕಕ್ಕೆ ವಾಲುವುದಿಲ್ಲ, ಹೊಸದಾಗಿ ಕಲಿಯುವವರಿಗೆ ಸುಲಭ. ಹೆಂಗಸರಿಗೆ ಹೊಂದುವ ಕೃಷಿ ಸಾಧನಗಳ ಬಗ್ಗೆಯೂ ಕೆಲಸ ಮಾಡುವ ಕೇಂದ್ರೀಯ ಸಂಸ್ಥೆ ಭುವನೇಶ್ವರದಲ್ಲಿದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಯಾವ ಮಾದರಿ ಇದೆ ಎಂದು ಕೇಳಿ. ಕೇಳಿದ ಮೇಲೆ ಅಲ್ಲೇ ನಿಂತು ಹಿಡಿ ಹಿಡಿದು ನೋಡಿ, ಮನೆಯ ಗಂಡಸರು ಹಿಡಿದು "ಚೆನ್ನಾಗಿದೆ" ಎಂದದ್ದು ನಿಮಗೆ ಲೆಕ್ಕಕ್ಕೆ ಬಾರದು.

ಕುಲುಮೆಯಲ್ಲಿ ಮಾಡಿಸುವವರು ಅಲಗಿಗೆ ಹಳೆಯ ಲಾರಿಯ ಪಟ್ಟಿ ಹಾಕಿಸಿ. ಮೆದು ತಗಡು ಒಂದು ಹಂಗಾಮಿಗೇ ಮೊಂಡಾಗುತ್ತದೆ. ಕೈ ಹಿಡಿಯುವ ಕಡೆ ಪೈಪಿನ ದಪ್ಪ ಒಂದೂಕಾಲು ಅಂಗುಲ ಮೀರದಿರಲಿ, ಹೆಬ್ಬೆರಳು ನಡುಬೆರಳು ಸುತ್ತಿ ಸೇರಬೇಕು. ಸೈಕಲ್ಲಿನ ರಬ್ಬರ್ ಹಿಡಿ ಹಾಕಿದರೆ ಬೊಕ್ಕೆ ಏಳುವುದಿಲ್ಲ. ಎರಡು ಕೈ ನಡುವಿನ ಅಂತರ ನಿಮ್ಮ ಭುಜದಗಲ. ತುಂಬಾ ಚಿಕ್ಕ ಚಕ್ರ ಹೆಂಟೆಗೆ ಸಿಕ್ಕಿ ನಿಲ್ಲುತ್ತದೆ, ಹಳೆಯ ಸೈಕಲ್ ಚಕ್ರ ಸಿಕ್ಕರೆ ಸಲೀಸು.

ತಳ್ಳುವಾಗ ಒಂದೇ ಸಮನೆ ನೂಕುತ್ತಾ ಹೋಗಬೇಡಿ. ಒಂದೂವರೆ ಅಡಿ ಮುಂದೆ, ಅರ್ಧ ಅಡಿ ಹಿಂದೆ, ಮತ್ತೆ ಮುಂದೆ, ಹೀಗೆ ಆಡಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಬಸುರಿಯರು, ಹೆರಿಗೆಯಾಗಿ ಹೆಚ್ಚು ದಿನವಾಗದವರು, ಗರ್ಭಕೋಶ ಜಾರಿದ ತೊಂದರೆ ಇರುವವರು ಈ ಕೆಲಸಕ್ಕೆ ಕೈಹಾಕಬಾರದು.

ಮೇವಿನ ತಾಕು ಚಿಕ್ಕದಿರುವ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು, ಹತ್ತು ಗುಂಟೆಗೆ ವರ್ಷವಿಡೀ ಕುಂಟೆ ಬೇಡ. ಹಾಗೆ ಹಂಚಿಕೊಳ್ಳುವವರಿಗೇ ಹಿಡಿಯ ಐದು ತೂತು ಹೆಚ್ಚು ಉಪಯೋಗ. ಯಾರ ತೂತು ಯಾವುದು ಎಂದು ಪಟ್ಟಿಯ ಮೇಲೆ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಎಲ್ಲ ಬೋಲ್ಟುಗಳೂ ಒಂದೇ ಅಳತೆಯವಾಗಿರಲಿ, ಒಂದೇ ಸ್ಪ್ಯಾನರ್ ಸಾಕಾಗುತ್ತದೆ. ಅದನ್ನು ದಾರ ಕಟ್ಟಿ ಹಿಡಿಗೇ ನೇತುಹಾಕಿ. ಪ್ರತಿ ನಟ್ಟಿಗೂ ಸ್ಪ್ರಿಂಗ್ ವಾಷರ್ ಹಾಕಿಸಿ, ಇಲ್ಲದಿದ್ದರೆ ಅದುರಿ ಅದುರಿ ಸಡಿಲವಾಗುತ್ತದೆ. ಕೆಲಸ ಮುಗಿದ ಸಂಜೆ ಅಲಗಿನ ಮಣ್ಣು ಕೆರೆದು, ಹಳೆಯ ಎಂಜಿನ್ ಎಣ್ಣೆ ಸವರಿ, ಮಕ್ಕಳ ಕೈಗೆ ಎಟುಕದಂತೆ ಗೋಡೆಗೆ ಒರಗಿಸಿಡಿ.