ದೇಶದ ತೂಕದ ಲೆಕ್ಕ

ರೈತನೊಬ್ಬನು ಬಿತ್ತನೆಗೆಂದು ಎತ್ತಿಟ್ಟ ಭತ್ತವನ್ನೂ ಒಂದು ವರ್ಷ ಮಾರಿಬಿಟ್ಟನೆನ್ನೋಣ. ಆ ವರ್ಷ ಅವನ ಹಣದ ಲೆಕ್ಕದಲ್ಲಿ ಲಾಭವೇ ಕಾಣುತ್ತದೆ. ಕಣಜವನ್ನು ಇಣುಕಿ ನೋಡಿದವರಿಗೆ ಮಾತ್ರ ಮುಂದಿನ ಮಳೆಗಾಲದ ಕಷ್ಟ ತಿಳಿದೀತು. ರೈತನ ಮನೆಗೆ ಸಲ್ಲುವ ಈ ಮಾತು ದೇಶಕ್ಕೂ ಸಲ್ಲುತ್ತದೆ.

ಒಂದು ವರ್ಷದಲ್ಲಿ ದೇಶದೊಳಗೆ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ಒಟ್ಟು ಬೆಲೆಯನ್ನು ಒಟ್ಟು ದೇಶೀಯ ಉತ್ಪನ್ನವೆನ್ನುತ್ತಾರೆ. ಇದರ ಅಳತೆ ರೂಪಾಯಿ. ಇಷ್ಟನ್ನು ಉತ್ಪಾದಿಸಲು ಭೂಮಿಯ ಒಡಲಿನಿಂದ ಎಷ್ಟು ಸಾಮಗ್ರಿಯನ್ನು ತೆಗೆದೆವೆಂಬುದು ಇದರಿಂದ ತಿಳಿಯದು. ಅದಕ್ಕೆ ಟನ್ನುಗಳಲ್ಲಿ ಅಳೆಯುವ ಇನ್ನೊಂದು ಲೆಕ್ಕ ಬೇಕು. ವಸ್ತುವು ರೂಪಾಂತರ ಹೊಂದುವುದೇ ಹೊರತು ನಾಶವಾಗುವುದಿಲ್ಲವೆಂಬ ವಿಜ್ಞಾನದ ನಿಯಮವೇ ಅದರ ತಳಹದಿ. ರಾಬರ್ಟ್ ಏರ್ಸ್ ಮತ್ತು ಅಲೆನ್ ನೀಸ್ ಎಂಬ ಅಮೆರಿಕದ ವಿದ್ವಾಂಸರು 1969ರಲ್ಲಿ ಈ ನಿಯಮವನ್ನು ಅರ್ಥಶಾಸ್ತ್ರಕ್ಕೆ ಅನ್ವಯಿಸಿ ತೋರಿಸಿದರು. ನಾವು ಬಳಸಿದ ಸಾಮಗ್ರಿಯು ಮನೆ, ರಸ್ತೆ, ಸೇತುವೆಗಳಾಗಿ ನಿಲ್ಲುತ್ತದೆ. ಇಲ್ಲವೇ ಹೊಗೆಯಾಗಿ, ಕಸವಾಗಿ ಹೊರಬೀಳುತ್ತದೆ.

ಈ ಲೆಕ್ಕದಲ್ಲಿ ಸಾಮಗ್ರಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಬೆಳೆ, ಮೇವು, ಸೌದೆ ಮುಂತಾದ ಜೀವಜನ್ಯ ಸಾಮಗ್ರಿಗಳು ಮೊದಲನೆಯವು; ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದ ಇಂಧನಗಳು ಎರಡನೆಯವು; ಲೋಹದ ಅದಿರುಗಳು ಮೂರನೆಯವು; ಮರಳು, ಜಲ್ಲಿ, ಸುಣ್ಣಕಲ್ಲುಗಳಂಥವು ನಾಲ್ಕನೆಯವು. ದೇಶದೊಳಗೆ ತೆಗೆದ ಸಾಮಗ್ರಿಗೆ ಆಮದನ್ನು ಕೂಡಿಸಿ ರಫ್ತನ್ನು ಕಳೆದರೆ ಉಳಿಯುವುದೇ ‘ದೇಶೀಯ ಸಾಮಗ್ರಿ ಬಳಕೆ’. ಭಾರತದಲ್ಲಿ ಇದು 1970ರಲ್ಲಿ 118 ಕೋಟಿ ಟನ್ನುಗಳಷ್ಟಿದ್ದು, 2015ರ ವೇಳೆಗೆ ಸುಮಾರು 700 ಕೋಟಿ ಟನ್ನುಗಳಿಗೆ ಏರಿತ್ತು.

ಆದರೆ ಈ ಕೂಡುವ ಕಳೆಯುವ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ನಿದರ್ಶನದಿಂದ ಅದು ಸ್ಪಷ್ಟವಾಗುತ್ತದೆ. ಗಣಿಗಾರಿಕೆಗಾಗಿ 1976ರಲ್ಲಿ ಅಲ್ಲಿ ಕೇಂದ್ರ ಸರ್ಕಾರದ ಕಂಪನಿಯೊಂದು ಸ್ಥಾಪನೆಯಾಯಿತು. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದುದರಿಂದ ಅದನ್ನು ಪುಡಿಮಾಡಿ, ಕಬ್ಬಿಣ ಹೆಚ್ಚಾಗಿರುವ ಭಾಗವನ್ನು ಬೇರ್ಪಡಿಸಿ, ನೀರಿನೊಡನೆ ಬೆರೆಸಿ, ಘಟ್ಟದಿಂದ ಮಂಗಳೂರಿನವರೆಗೆ ಕೊಳವೆಯಲ್ಲಿ ಹರಿಸುತ್ತಿದ್ದರು. ಅಲ್ಲಿಂದ ಅದು ಹೊರದೇಶಗಳಿಗೆ ಹೋಗುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಶೇಖರವಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹಡಗುಗಳು ಹೋದವು, ಕೆಸರು ಇಲ್ಲಿಯೇ ಉಳಿಯಿತು.

ಮೂರು ಟನ್ ಅದಿರಿನಿಂದ ಒಂದು ಟನ್ ಪುಡಿ ರಫ್ತಾಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಕಳೆಯುವುದು ಒಂದು ಟನ್ ಮಾತ್ರ. ಉಕ್ಕನ್ನು ಬಳಸಿದವರು ಬೇರೆಯವರಾದರೂ, ಉಳಿದ ಎರಡು ಟನ್ನು ನಮ್ಮ ಬಳಕೆಯೆಂದೇ ದಾಖಲಾಗುತ್ತದೆ. ಈ ಕೊರತೆಯನ್ನು ನೀಗಿಸಲು ‘ಸಾಮಗ್ರಿ ಹೆಜ್ಜೆಗುರುತು’ ಎಂಬ ಮತ್ತೊಂದು ಅಳತೆಯನ್ನು ರೂಪಿಸಿದ್ದಾರೆ. ಸರಕು ಕೊನೆಗೆ ಯಾವ ದೇಶದಲ್ಲಿ ಬಳಕೆಯಾಯಿತೋ ಆ ದೇಶದ ಹೆಸರಿಗೆ ಮೂರು ಟನ್ನೂ ಸೇರುವುದು ಇದರ ಕ್ರಮ. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪ್ರಗತಿಯನ್ನು ಅಳೆಯಲು ಈ ಎರಡು ಅಳತೆಗಳನ್ನೂ ಬಳಸುತ್ತಾರೆ.

ಜಗತ್ತು ಒಟ್ಟಾರೆ ತೆಗೆಯುವ ಸಾಮಗ್ರಿಯು 1970ರಲ್ಲಿ ಸುಮಾರು 3,000 ಕೋಟಿ ಟನ್ನುಗಳಷ್ಟಿತ್ತು. ಇಂದು ಅದು 10,000 ಕೋಟಿ ಟನ್ನುಗಳನ್ನು ಮೀರಿದೆ. ವಿಶ್ವಸಂಸ್ಥೆಯ 2024ರ ವರದಿಯಂತೆ, ಸಿರಿವಂತ ದೇಶಗಳ ಒಬ್ಬ ಪ್ರಜೆಯು ಬಡದೇಶಗಳ ಪ್ರಜೆಗಿಂತ ಸರಾಸರಿ ಆರು ಪಟ್ಟು ಸಾಮಗ್ರಿಯನ್ನು ಬಳಸುತ್ತಾನೆ. ಇನ್ನೂ ಮನೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಳ್ಳಬೇಕಾದವರಿಗೂ ಬೇಕಾದುದಕ್ಕಿಂತ ಹೆಚ್ಚು ಬಳಸುವವರಿಗೂ ಒಂದೇ ಉಪದೇಶ ಸಲ್ಲದು.

ತೂಕವೊಂದೇ ಎಲ್ಲವನ್ನೂ ಹೇಳದು ಎಂಬುದನ್ನೂ ಮರೆಯಬಾರದು. ಒಂದು ಟನ್ ಮರಳೂ ಒಂದು ಟನ್ ಪಾದರಸವೂ ತಕ್ಕಡಿಗೆ ಸಮ. ಅವುಗಳಿಂದಾಗುವ ಹಾನಿ ಸಮವಲ್ಲ. ಕೊಯ್ದ ಭತ್ತ ಮರುವರ್ಷ ಬೆಳೆಯುತ್ತದೆ. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಒಂದು ಟನ್ನಿನಿಂದ ಮೊದಲಿಗಿಂತ ಹೆಚ್ಚು ಬೆಲೆಯ ಸರಕನ್ನು ಪಡೆಯುವುದು ಜಾಣತನವೇ ಸರಿ. ಆದರೆ ತೆಗೆಯುವ ಮೊತ್ತವೂ ಏರುತ್ತಲೇ ಹೋದರೆ ಆ ಜಾಣತನದಿಂದ ಭೂಮಿಯ ಭಾರ ಇಳಿಯುವುದಿಲ್ಲ.

ದೇಶಕ್ಕೆ ಎರಡು ಲೆಕ್ಕಗಳೂ ಬೇಕು. ಒಂದು, ಈ ವರ್ಷ ಗಳಿಸಿದುದೆಷ್ಟೆಂಬುದನ್ನು ಹೇಳುತ್ತದೆ. ಇನ್ನೊಂದು, ಅದಕ್ಕಾಗಿ ತೆಗೆದುದೆಷ್ಟು, ಅದು ಯಾರ ಬಳಕೆಗೆ ಹೋಯಿತು ಎಂಬುದನ್ನು ಹೇಳುತ್ತದೆ. ಹಣವನ್ನು ಎಣಿಸುವ ಕೈ ಕಣಜದ ಬಾಗಿಲನ್ನೂ ಆಗಾಗ ತೆರೆದು ನೋಡಬೇಕು. ಬಿತ್ತನೆಯ ಭತ್ತ ಮುಂದೆ ಉಳುವವರಿಗೆ ಸೇರಿದ್ದು.