ಸರಕಿನ ವಿಂಗಡಣೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ ಭಾವಿಕೇರಿ ಎಂಬ ಗ್ರಾಮವಿದೆ. ಈ ಕರಾವಳಿ ಸೀಮೆಯ ಹೆಸರನ್ನು ದೂರದ ಊರುಗಳಿಗೂ ಒಯ್ದ ಹಣ್ಣು ಇಶಾಡ ಮಾವು. ಬೇಸಗೆಯಲ್ಲಿ ಅಂಕೋಲೆಯ ಪೇಟೆಗೆ ಹೋದವರಿಗೆ, ಸುತ್ತಲಿನ ಹಳ್ಳಿಗಳಿಂದ ಬಂದ ಮಹಿಳೆಯರು ಹಣ್ಣಿನ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತಿರುವ ನೋಟ ಕಾಣಸಿಗುತ್ತದೆ. ಅವರಲ್ಲಿ ಹಾಲಕ್ಕಿ ಒಕ್ಕಲಿಗ ಮಹಿಳೆಯರು ಅನೇಕರು.

ಇಶಾಡದಲ್ಲಿ ಎರಡು ಬಗೆಗಳುಂಟು. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸವಿಯೂ ಪರಿಮಳವೂ ಅಧಿಕ. ಬಿಳಿ ಇಶಾಡದ ಸಿಪ್ಪೆ ದಪ್ಪ. ತಿರುಳು, ಸವಿಗಳಲ್ಲಿ ಅದು ಕರಿಗೆ ಸಮನಲ್ಲ. ಹಣ್ಣನ್ನು ಬಲ್ಲವರು ಇವೆರಡನ್ನೂ ಬೆರೆಸುವುದಿಲ್ಲ. ಇಂದೇ ತಿನ್ನಬೇಕಾದ ಹಣ್ಣು, ಎರಡು ದಿನ ತಾಳುವ ಹಣ್ಣು, ಪೆಟ್ಟು ಬಿದ್ದ ಹಣ್ಣು ಇವುಗಳನ್ನೂ ಬೇರೆ ಬೇರೆ ಇಡುವರು. ನೋಡುವವರಿಗೆ ಇದು ಕೇವಲ ಕೈಕೆಲಸವೆಂದು ತೋರಬಹುದು. ಆದರೆ ದೊಡ್ಡ ದೊಡ್ಡ ಕಂಪನಿಗಳು ಪರಿಣತರನ್ನು ನೇಮಿಸಿ ನಡೆಸುವ ಸರಕಿನ ವರ್ಗೀಕರಣದ ತತ್ತ್ವವೇ ಇಲ್ಲಿಯೂ ಅಡಗಿದೆ.

ವಿಂಗಡಿಸದೆ ಎಲ್ಲವನ್ನೂ ಒಂದೇ ರಾಶಿ ಮಾಡಿದರೆ ಆಗುವ ನಷ್ಟವೇನು? ಕರಿ ಇಶಾಡಕ್ಕೆ ಡಜನ್ನಿಗೆ 300 ರೂಪಾಯಿ, ಬಿಳಿ ಇಶಾಡಕ್ಕೆ 150 ರೂಪಾಯಿ ಬೆಲೆಯಿದೆಯೆಂದು ಭಾವಿಸಬಹುದು. ಎರಡನ್ನೂ ಸಮವಾಗಿ ಬೆರೆಸಿದ ರಾಶಿಯಲ್ಲಿ ತನಗೆ ಯಾವುದು ಸಿಗುವುದೆಂಬುದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಅವನು 225 ರೂಪಾಯಿಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ. ಕರಿ ಇಶಾಡ ಬೆಳೆದವನಿಗೆ 75 ರೂಪಾಯಿ ನಷ್ಟವಾಗುತ್ತದೆ; ಮರುವರ್ಷ ಅವನು ಆ ರಾಶಿಗೆ ಹಣ್ಣು ತರುವುದಿಲ್ಲ. ಕೊನೆಗೆ ಪೇಟೆಯಲ್ಲಿ ಕೆಳದರ್ಜೆಯ ಹಣ್ಣು ಮಾತ್ರ ಉಳಿಯುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಬಳಸಿದ ಕಾರುಗಳ ಮಾರಾಟವನ್ನು ಉದಾಹರಿಸಿ ಇದೇ ಸಂಗತಿಯನ್ನು ವಿವರಿಸಿದರು. 2001ರಲ್ಲಿ ಅವರಿಗೆ ಇತರ ಇಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಒಳ್ಳೆಯದನ್ನು ಒಳ್ಳೆಯದೆಂದು ಗುರುತಿಸುವ ಏರ್ಪಾಡು ಇಲ್ಲದಿದ್ದಲ್ಲಿ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಮರೆಯಾಗುತ್ತದೆ.

ಸರಕನ್ನು ಅದರ ಗುಣ, ಗಾತ್ರಗಳಿಗೆ ಅನುಸಾರವಾಗಿ ವಿಂಗಡಿಸುವುದಕ್ಕೆ ದರ್ಜೆ ನಿರ್ಣಯವೆಂದು ಹೆಸರು. ಕರಾವಳಿಯ ಇನ್ನೊಂದು ಬೆಳೆಯಾದ ಗೇರು ಇದಕ್ಕೆ ಉತ್ತಮ ನಿದರ್ಶನ. ಗೇರುಬೀಜದ ಕಾರ್ಖಾನೆಗಳಲ್ಲಿ ಇಡಿಯಾದ ಬಿಳಿ ತಿರುಳನ್ನು ಮುರುಕಿನಿಂದ ಬೇರ್ಪಡಿಸಿ, ಮತ್ತೆ ಗಾತ್ರಕ್ಕೆ ತಕ್ಕಂತೆ ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320 ಮುಂತಾದ ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಎಷ್ಟು ತಿರುಳುಗಳು ತೂಗುತ್ತವೆ ಎಂಬುದನ್ನು ಈ ಅಂಕೆ ಸೂಚಿಸುತ್ತದೆ. ಅಂಕೆ ಕಿರಿದಾದಷ್ಟೂ ತಿರುಳು ಹಿರಿದು, ಬೆಲೆಯೂ ಹಿರಿದು. ಸರಕನ್ನು ಕಣ್ಣಾರೆ ಕಾಣದ ಪರದೇಶದ ವ್ಯಾಪಾರಿಯೂ ಆ ಅಂಕೆಯೊಂದನ್ನೇ ನಂಬಿ ಹಣ ತೆರುತ್ತಾನೆ. ಭಾರತದಲ್ಲಿ ಕೃಷಿ ಉತ್ಪನ್ನಗಳ ದರ್ಜೆ ನಿರ್ಣಯಕ್ಕಾಗಿ 1937ರಲ್ಲಿಯೇ ಕಾಯಿದೆಯೊಂದು ಜಾರಿಗೆ ಬಂದಿತು. ಪೊಟ್ಟಣಗಳ ಮೇಲೆ ಕಾಣುವ ಅಗ್‌ಮಾರ್ಕ್ ಮುದ್ರೆಗೆ ಅದೇ ಆಧಾರ.

ಸರಕನ್ನು ವರ್ಗೀಕರಿಸುವ ಎರಡನೆಯ ಕ್ರಮ ಕೊಳ್ಳುವವನ ನಡತೆಯನ್ನು ಅವಲಂಬಿಸಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮೆಲ್ವಿನ್ ಕೋಪ್‌ಲೆಂಡ್ 1923ರಲ್ಲಿ ಬಳಕೆಯ ವಸ್ತುಗಳನ್ನು ಮೂರು ವರ್ಗಗಳಾಗಿ ವಿಭಜಿಸಿದರು. ಉಪ್ಪು, ಬೆಂಕಿಪೊಟ್ಟಣಗಳಂತೆ ಹೆಚ್ಚು ಯೋಚಿಸದೆ ಸಮೀಪದ ಅಂಗಡಿಯಲ್ಲಿ ಕೊಳ್ಳುವಂಥವು ನಿತ್ಯಬಳಕೆಯ ವಸ್ತುಗಳು. ಸೀರೆ, ಪೀಠೋಪಕರಣಗಳಂತೆ ನಾಲ್ಕು ಕಡೆ ವಿಚಾರಿಸಿ, ಬೆಲೆಯನ್ನು ಹೋಲಿಸಿ ನೋಡಿ ಕೊಳ್ಳುವಂಥವು ಆಯ್ಕೆಯ ವಸ್ತುಗಳು. ಬದಲಿಗೆ ಬೇರೊಂದನ್ನು ಒಪ್ಪದೆ, ಹುಡುಕಿಕೊಂಡು ಹೋಗಿ ಕೊಳ್ಳುವಂಥವು ವಿಶೇಷ ವಸ್ತುಗಳು. ವಿಮೆಯಂತೆ ಜನರು ತಾವಾಗಿ ಬಯಸಿ ಬಾರದ ವಸ್ತುಗಳನ್ನು ಮುಂದಿನವರು ನಾಲ್ಕನೆಯ ವರ್ಗವಾಗಿ ಸೇರಿಸಿದರು.

ಒಂದೇ ವಸ್ತು ಎಲ್ಲರಿಗೂ ಒಂದೇ ವರ್ಗಕ್ಕೆ ಸೇರಬೇಕೆಂಬ ನಿಯಮವಿಲ್ಲ. ಹಿತ್ತಲಿನಲ್ಲಿಯೇ ಮಾವಿನ ಮರವಿರುವ ಭಾವಿಕೇರಿಯ ಬಾಲಕನಿಗೆ ಇಶಾಡ ಬೇಸಗೆಯ ನಿತ್ಯದ ತಿನಿಸು. ಉದ್ಯೋಗಕ್ಕಾಗಿ ಬೆಂಗಳೂರಿಗೋ ಮುಂಬಯಿಗೋ ಹೋಗಿ ನೆಲೆಸಿದ ಅದೇ ಊರಿನವನಿಗೆ ಅದು ವಿಶೇಷ ವಸ್ತು. ಪೇಟೆಯಲ್ಲಿ ಬೇರೆ ಮಾವುಗಳು ಎಷ್ಟಿದ್ದರೂ ಅವನ ಮನಸ್ಸು ಇಶಾಡವನ್ನೇ ಅರಸುತ್ತದೆ. ಆದುದರಿಂದ ತನ್ನ ಸರಕನ್ನು ಯಾರು ಕೊಳ್ಳುತ್ತಾರೆ, ಹೇಗೆ ಕೊಳ್ಳುತ್ತಾರೆ ಎಂಬುದನ್ನು ಅರಿಯದೆ ಅದನ್ನು ಎಲ್ಲಿ, ಯಾವ ಬೆಲೆಗೆ ಇಡಬೇಕೆಂದು ನಿರ್ಧರಿಸುವುದು ಅಸಾಧ್ಯ.

ಕಂಪನಿಗಳು ಇದರ ಮೇಲೆ ಇನ್ನೊಂದು ವ್ಯವಸ್ಥೆಯನ್ನು ಕಟ್ಟುತ್ತವೆ. ಪರಸ್ಪರ ಸಂಬಂಧವುಳ್ಳ ಸರಕುಗಳ ಗುಂಪನ್ನು ಉತ್ಪನ್ನ ಶ್ರೇಣಿಯೆನ್ನುತ್ತಾರೆ. ಶ್ರೇಣಿಗಳ ಸಂಖ್ಯೆ ಆ ಕಂಪನಿಯ ಉತ್ಪನ್ನಗಳ ಅಗಲ; ಒಂದೊಂದು ಸರಕಿನಲ್ಲಿರುವ ಬಗೆಗಳ ಸಂಖ್ಯೆ ಅವುಗಳ ಆಳ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ರಫ್ತು ನಿಂತುಹೋದಾಗ, ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನೂ ಸ್ಥಾಪಿಸಿತು. 1980ರಲ್ಲಿ ಈ ಉದ್ಯಮವು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಕಂಪನಿಯಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಜೊತೆಗೆ ಅಗರಬತ್ತಿ, ಮಾರ್ಜಕ, ಗಂಧದೆಣ್ಣೆಗಳು ಸೇರಿ ಅದರ ಅಗಲ ಹೆಚ್ಚಿತು. ಸ್ನಾನದ ಸಾಬೂನಿನಲ್ಲಿಯೇ ಗೋಲ್ಡ್, ಮಿಲೇನಿಯಂ ಮೊದಲಾದ ಬಗೆಗಳು ಬಂದು ಆಳವೂ ಹೆಚ್ಚಿತು. ಹಾಲಿನ ಪೊಟ್ಟಣಗಳಲ್ಲಿಯೂ ಇದನ್ನೇ ಕಾಣಬಹುದು. ಟೋನ್ಡ್ ಹಾಲಿನಲ್ಲಿ ಶೇಕಡಾ 3ರಷ್ಟಾದರೂ, ಪೂರ್ಣಕೆನೆಯ ಹಾಲಿನಲ್ಲಿ ಶೇಕಡಾ 6ರಷ್ಟಾದರೂ ಕೊಬ್ಬು ಇರಬೇಕೆಂಬುದು ನಿಯಮ. ಪೊಟ್ಟಣದ ಬಣ್ಣ ಬೇರೆಯಾದುದರಿಂದ ಓದು ಬಾರದವರೂ ತಮಗೆ ಬೇಕಾದ ಹಾಲನ್ನು ಗುರುತಿಸಬಲ್ಲರು.

ಇಂಥ ವ್ಯವಸ್ಥೆಗೆ ಪ್ರಮಾಣವೂ ಬೇಕು. ಎರಡೇ ಮರಗಳಿರುವ ರೈತನು ಹಣ್ಣನ್ನು ಐದು ದರ್ಜೆಗಳಾಗಿ ವಿಂಗಡಿಸಿದರೆ ಒಂದೊಂದು ದರ್ಜೆಯಲ್ಲಿ ಒಂದು ಪೆಟ್ಟಿಗೆಯೂ ತುಂಬದು. ಮೇಲಾಗಿ ಇಶಾಡವು ಬಹಳ ದಿನ ಕೆಡದೆ ಉಳಿಯುವ ಹಣ್ಣಲ್ಲ. ಕಾಯುತ್ತ ಕೂರಲು ಅವನಿಗೆ ವ್ಯವಧಾನವಿಲ್ಲ. ಆದ್ದರಿಂದ ಬೆಳೆಗಾರರು ಒಂದುಗೂಡಿ ಮಾರುವುದು ಅಗತ್ಯ. ಅಂಕೋಲೆಯ ರೈತ ಉತ್ಪಾದಕರ ಕಂಪನಿಯೊಂದರ ಪ್ರಯತ್ನದಿಂದ 2023ರಲ್ಲಿ ಅಂಕೋಲಾ ಕರಿ ಇಶಾಡ ಮಾವಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ಸೀಮೆಯ ಮಣ್ಣು, ಹವೆಗಳಿಂದ ವಿಶಿಷ್ಟ ಗುಣ ಪಡೆದ ಸರಕಿನ ಹೆಸರನ್ನು ಬೇರೆಡೆಯ ಸರಕಿಗೆ ಇಡದಂತೆ 1999ರ ಕಾಯಿದೆಯು ಈ ಮಾನ್ಯತೆಯ ಮೂಲಕ ತಡೆಯುತ್ತದೆ.

ಆದರೆ ಕಾಯಿದೆಯು ಹೆಸರನ್ನು ಕಾಯಬಲ್ಲುದೇ ಹೊರತು ಬುಟ್ಟಿಯೊಳಗಿನ ಹಣ್ಣನ್ನು ವಿಂಗಡಿಸಲಾರದು. ಮೇಲೆ ಕರಿ ಇಶಾಡವನ್ನು ಜೋಡಿಸಿ ಅಡಿಯಲ್ಲಿ ಬೇರೆ ಹಣ್ಣನ್ನು ತುಂಬಿ ಕಳುಹಿಸುವವನು ಒಂದು ದಿನದ ಲಾಭ ಪಡೆಯಬಹುದು. ಮೋಸಹೋದ ಗಿರಾಕಿಗೆ ಮಾರಿದವನ ಹೆಸರು ನೆನಪಿರಲಾರದು. ಅಂಕೋಲೆಯ ಹೆಸರು ಮಾತ್ರ ನೆನಪಿರುತ್ತದೆ. ಅದರ ಫಲವನ್ನು ಪ್ರಾಮಾಣಿಕವಾಗಿ ದುಡಿದ ನೆರೆಯ ರೈತನೂ ಉಣ್ಣಬೇಕಾಗುತ್ತದೆ. ದರ್ಜೆಯೆಂಬುದು ಮಾರುವವನು ಕಾಣದ ಗಿರಾಕಿಗೆ ಕೊಟ್ಟ ಮಾತು. ಆ ಮಾತು ನಿಂತಷ್ಟು ಕಾಲ ಸರಕಿಗೆ ಬೆಲೆ, ಊರಿಗೆ ಹೆಸರು.