ಕಾರಿಲ್ಲದೆ ಕರಾವಳಿಯ ಕೋಟೆಗಳಿಗೆ

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ಮಂಗಳೂರು ನೋಡಿ, ಹತ್ತಿರದ ಕೋಟೆಗಳನ್ನೂ ನೋಡಿ ಬರಬೇಕೆಂಬ ಆಸೆ. ಕಾರು ಬಾಡಿಗೆಗೆ ಹಿಡಿಯುವ ಮನಸ್ಸಿಲ್ಲ. ಬಸ್ಸು, ರೈಲಿನಲ್ಲೇ ಆಗುತ್ತದೆಯೇ?
– ನಿವೃತ್ತ ಶಿಕ್ಷಕರು, ಚೌಳಹಿರಿಯೂರು

ಉತ್ತರ: ಧಾರಾಳವಾಗಿ ಆಗುತ್ತದೆ ಮೇಷ್ಟ್ರೇ. ಒಂದೇ ಷರತ್ತು, ಕೋಟೆಗಳ ಪಟ್ಟಿ ಉದ್ದ ಮಾಡಬೇಡಿ. ಬೇಕಲ ಕೋಟೆಗೆ ಒಂದು ಪೂರ್ತಿ ದಿನ ಕೊಡಿ, ಉಳಿದಿದ್ದು ಸಿಕ್ಕಿದಷ್ಟು.

ಕಡೂರಿಗೆ ಬಂದು ಚಿಕ್ಕಮಗಳೂರು ಬಸ್ಸು ಹತ್ತಿ. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಬೆಳ್ತಂಗಡಿ ಹಾದು ಮಂಗಳೂರಿಗೆ ಸುಮಾರು 150 ಕಿ.ಮೀ. ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಹಿಂದಿನ ಸೀಟು ಬೇಡ. ಅವತ್ತಿಗೆ ಪ್ರಯಾಣವೇ ಸಾಕು. ಸರ್ಕಾರಿ ಬಸ್ಸು ನಿಮ್ಮನ್ನು ಬಿಜೈಯಲ್ಲಿ ಇಳಿಸುತ್ತದೆ. ಆದರೆ ರೂಮು ಹಂಪನಕಟ್ಟೆಯ ಆಸುಪಾಸಿನಲ್ಲಿ ಮಾಡಿ. ಸಿಟಿ ಬಸ್ಸುಗಳು ಹೊರಡುವ ಸ್ಟೇಟ್‌ಬ್ಯಾಂಕ್ ನಿಲ್ದಾಣವೂ ಸೆಂಟ್ರಲ್ ರೈಲು ನಿಲ್ದಾಣವೂ ಅಲ್ಲಿಂದ ಹತ್ತಿರ. ಮಂಗಳೂರಿಗೆ ಎರಡು ರೈಲು ನಿಲ್ದಾಣ. ಪಡೀಲ್ ಕಡೆಯ ಜಂಕ್ಷನ್ನಿಗೆ ಹೋಗಿ ನಿಂತು ಪೇಚಾಡಿದವರು ಬೇಕಾದಷ್ಟು ಜನ.

ಮರುದಿನ ಬೆಳಿಗ್ಗೆ ಸೆಂಟ್ರಲ್‌ನಿಂದ ಕಣ್ಣೂರು ದಿಕ್ಕಿನ ಪ್ಯಾಸೆಂಜರ್ ಹಿಡಿಯಿರಿ. ‘ಬೇಕಲ ಫೋರ್ಟ್’ ಎಂಬ ಪುಟ್ಟ ನಿಲ್ದಾಣವೇ ಇದೆ, ಕೋಟೆ ಅಲ್ಲಿಂದ ದೂರವಿಲ್ಲ. ಆ ರೈಲು ಅಲ್ಲಿ ನಿಲ್ಲುತ್ತದೆಯೇ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ. ಎಕ್ಸ್‌ಪ್ರೆಸ್ ಹತ್ತಿದರೆ ಕಾಸರಗೋಡಿನಲ್ಲಿ ಇಳಿದು ಕಾಞಂಗಾಡಿನ ಬಸ್ಸು ಹಿಡಿಯಬೇಕು. ಅದರಲ್ಲೂ ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆಯಲ್ಲಿ ಹೋಗುವ ಬಸ್ಸೇ ಆಗಬೇಕು. ಹೆದ್ದಾರಿಯಲ್ಲಿ ಹೋಗುವ ಬಸ್ಸೂ ಕಾಞಂಗಾಡಿಗೇ ಹೋಗುತ್ತದೆ, ಆದರೆ ಕೋಟೆಯ ಹತ್ತಿರ ಸುಳಿಯುವುದಿಲ್ಲ.

ಬೇಕಲ ಕೋಟೆಯನ್ನು 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ನಲವತ್ತು ಎಕರೆಯ ಮುರಕಲ್ಲಿನ ಕೋಟೆ, ಮೂರು ಕಡೆ ಕಡಲು. ಒಳಗಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿಯಿದೆ. ಮಂಡಿನೋವಿನವರೂ ನಿಧಾನವಾಗಿ ಹತ್ತಬಹುದು. ಕಡಲ ಕಡೆಯ ಗೋಡೆಯ ಕಿಂಡಿಗಳಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ. ಮೇಲಿನ ಕಿಂಡಿಯಿಂದ ಕಾಣುವುದು ದೂರದ ನೀರು, ಅದರ ಕೆಳಗಿನದರಿಂದ ಸ್ವಲ್ಪ ಹತ್ತಿರದ ಜಾಗ, ತೀರ ಕೆಳಗಿನದರಿಂದ ಗೋಡೆಯ ಬುಡ. ಶತ್ರು ಎಷ್ಟು ಹತ್ತಿರ ಬಂದರೆ ಯಾವ ಕಿಂಡಿಯಿಂದ ಗುಂಡು ಹಾರಿಸಬೇಕು ಎಂಬ ಲೆಕ್ಕ ಅದು. ಗೈಡ್ ಬೇಕಿಲ್ಲ, ಬಗ್ಗಿ ನೋಡಿದರೆ ಸಾಕು, ತಾನೇ ತಿಳಿಯುತ್ತದೆ.

ಕೊನೆಯ ದಿನ ಸಿಟಿ ಬಸ್ಸಿನಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಗುರುಪುರ ನದಿಯೊಳಗೆ ಯುದ್ಧದ ಹಡಗು ಬಾರದಂತೆ ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ನೋಡಲು ಕಾಲು ಗಂಟೆ ಸಾಕು. ದೋಣಿ ನಡೆಯುತ್ತಿದ್ದರೆ ಹೊಳೆ ದಾಟಿ ತಣ್ಣೀರುಬಾವಿಯ ಕಡಲತೀರಕ್ಕೂ ಹೋಗಿಬರಬಹುದು. ಸಮಯ ಉಳಿದರೆ ಕದ್ರಿ ದೇವಸ್ಥಾನದಲ್ಲಿ 968ರ ಲೋಕೇಶ್ವರನ ಕಂಚಿನ ವಿಗ್ರಹವನ್ನು ತಪ್ಪದೆ ನೋಡಿ. ನನ್ನ ಮಟ್ಟಿಗೆ ಮಂಗಳೂರಿನಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಪ್ರಶ್ನೆ: ಆಧಾರ್ ತೋರಿಸಿದರೆ ಇಡೀ ಪ್ರವಾಸ ಪುಕ್ಕಟೆಯೇ?
– ಗೃಹಿಣಿ, ಅಜ್ಜಂಪುರ

ಉತ್ತರ: ಇಡೀ ಪ್ರವಾಸ ಅಲ್ಲಮ್ಮ. 2023ರ ಜೂನ್ 11ರಿಂದ ಬಂದ, ಹೆಂಗಸರ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ರಾಜ್ಯದ ಒಳಗೆ ಓಡುವ ಸಾಮಾನ್ಯ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಘಟ್ಟ ಇಳಿಯುವವರೆಗೆ ಚಿಂತೆಯಿಲ್ಲ. ಮಂಗಳೂರಿನಲ್ಲಿ ಕಥೆಯೇ ಬೇರೆ, ಅಲ್ಲಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ‘ನರ್ಮ್’ ಎಂದು ಜನ ಕರೆಯುವ ಸರ್ಕಾರಿ ಸಿಟಿ ಬಸ್ಸು ಸಿಕ್ಕರೆ ನಿಮ್ಮ ಅದೃಷ್ಟ. ತಲಪಾಡಿ ದಾಟಿ ಕಾಸರಗೋಡಿಗೆ ಹೋಗುವ ಬಸ್ಸಿಗೂ ದುಡ್ಡು ಕೊಡಬೇಕು. ಅಲ್ಲಿಗೆ ಪ್ಯಾಸೆಂಜರ್ ರೈಲೇ ಅಗ್ಗ. ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ದಾರಿಯಲ್ಲೇ ಇರುವ ಜಮಾಲಾಬಾದ್ ಕೋಟೆಯನ್ನೂ ಸೇರಿಸಿಕೊಳ್ಳಬಹುದಲ್ಲವೇ?
– ಕಾಲೇಜು ವಿದ್ಯಾರ್ಥಿ, ತರೀಕೆರೆ

ಉತ್ತರ: ಬೇಡ. ಊರಿನವರ ಬಾಯಲ್ಲಿ ಅದು ಗಡಾಯಿಕಲ್ಲು. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ತಾಯಿಯ ಹೆಸರಿಟ್ಟ ಎನ್ನುತ್ತಾರೆ. ಬೆಳ್ತಂಗಡಿಯಲ್ಲಿ ಇಳಿದರೆ ಸುಮಾರು ಎಂಟು ಕಿ.ಮೀ., ಬಸ್ಸೋ ಆಟೋವೋ ಸಿಗುತ್ತದೆ. ಅಲ್ಲಿಯವರೆಗೆ ಸುಲಭ. ಆಮೇಲೆ ಒಂದೇ ಬಂಡೆಯ ಮೈಯಲ್ಲಿ ಕಡಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು. ಬ್ಯಾಗು ಹೊತ್ತುಕೊಂಡು ಅದನ್ನು ಹತ್ತಿ ಇಳಿದವನಿಗೆ ಅವತ್ತು ಇನ್ನೊಂದು ಊರು ನೋಡುವ ಕಾಲು ಉಳಿಯುವುದಿಲ್ಲ. ಜಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಹತ್ತಲು ಬಿಡದೆಯೂ ಇರಬಹುದು. ಚಳಿಗಾಲದಲ್ಲಿ ಗೆಳೆಯರ ಜೊತೆ ಅದೊಂದಕ್ಕೇ ಬನ್ನಿ, ನೀರು ಹೊತ್ತು ತನ್ನಿ.

ಪ್ರಶ್ನೆ: ಈ ಕೋಟೆಗಳಲ್ಲಿ ಅರಮನೆ ಇದೆಯೇ? ಅಲ್ಲೂ ಒಂದು ಹೊಸದುರ್ಗ ಇದೆಯಂತಲ್ಲ?
– ಓದುಗರು, ಚೌಳಹಿರಿಯೂರು

ಉತ್ತರ: ಅರಮನೆ ಎಲ್ಲೂ ಇಲ್ಲ. ಇವು ದಂಡು ಇರಲಿಕ್ಕೆಂದು ಕಟ್ಟಿದವು, ಅರಸರು ವಾಸಕ್ಕೆಂದು ಕಟ್ಟಿಸಿದವಲ್ಲ. ದರ್ಬಾರು ಹಾಲ್, ಮಂಚ, ಕನ್ನಡಿ ನೋಡಬೇಕೆಂದಿದ್ದರೆ ಮೈಸೂರಿಗೇ ಹೋಗಿ. ಇನ್ನು ನಿಮ್ಮ ನೆರೆಯ ಹೊಸದುರ್ಗದ ಹೆಸರಿನದೇ ಕೋಟೆ ಕಾಞಂಗಾಡಿನಲ್ಲಿದೆ ನಿಜ, ಅದೂ ಕೆಳದಿ ನಾಯಕರದೇ. ದುಂಡನೆಯ ಬುರುಜುಗಳು ದೂರದಿಂದಲೇ ಕಾಣುತ್ತವೆ. ಬೇಕಲ ನೋಡಿದವರು ಅದಕ್ಕಾಗಿ ಪ್ರತ್ಯೇಕ ರೈಲು ಹತ್ತುವ ಅಗತ್ಯವಿಲ್ಲ.